ಬಲತೋಳು ಸ್ವಲ್ಪ ಬಿಗಿ

ಮಾರ್ಚ್ ೮, ಭಾನುವಾರ

ಈ ಮನೆಯಲ್ಲಿ ಇಂದಿನಿಂದ ತಮಾಷೆಗೆ ನಿಷೇಧ. ಆಜ್ಞೆ ಹೊರಡಿಸಿದವಳು ನನ್ನ ಹೆಂಡತಿ, ಮೇಲ್ಮನವಿಗೆ ಅವಕಾಶವಿಲ್ಲ. “ಅಮ್ಮ ಇಲ್ಲಿ ಇರೋವರೆಗೂ ನಿಮ್ಮ ನಾಲಿಗೆನ ಮಡಚಿ ಇಟ್ಕೊಳ್ಳಿ” ಅಂದಳು. ಅಂದವಳೇ ತಟ್ಟನೆ ಒಳಗೆ ಹೋದಳು. ‘ಇರೋವರೆಗೂ’ ಎಂಬ ಮಾತು ಅವಳಿಗೇ ಚುಚ್ಚಿರಬೇಕು.

ಹಾಗಾಗಿ ಬಾಯಿಗೆ ಬಂದದ್ದನ್ನೆಲ್ಲ ಇಲ್ಲಿ ಸುರಿಯುವುದೆಂದು ತೀರ್ಮಾನಿಸಿದ್ದೇನೆ. ಈ ಪುಸ್ತಕದ ವಾಸ ಹೊಲಿಗೆ ಮಿಷನ್ನಿನ ಡ್ರಾಯರಿನಲ್ಲಿ, ಸೂಜಿಗಳ ನಡುವೆ. ಅಲ್ಲಿಗೆ ನನ್ನ ಹೊರತು ಯಾರೂ ಕೈ ಹಾಕುವುದಿಲ್ಲ.

ನಮ್ಮ ಮುಂದಿನ ಕೋಣೆಗೆ ಆಗಮಿಸಿರುವವರು ಸಾಮಾನ್ಯರಲ್ಲ. ಮೂರು ತಲೆಮಾರಿನ ಮಕ್ಕಳಿಗೆ ಕೈ ಮೇಲೆ, ಕೈ ಕೆಳಗೆ ಮಾಡಿಸಿ ನಿವೃತ್ತರಾದ ಡ್ರಿಲ್ ಟೀಚರು, ನನ್ನ ಅತ್ತೆ, ದಂಡನಾಯಕಿ. ಕರುಳಿನ ಕ್ಯಾನ್ಸರು. ಗಡ್ಡೆ ತೆಗೆದದ್ದಾಗಿದೆ, ಇನ್ನು ಹದಿನೈದು ದಿನಕ್ಕೊಮ್ಮೆ ಕೀಮೋ. “ನಡುವೆ ನಿಲ್ಲದೆ ಪೂರ್ತಿ ಹೋದರೆ ಉಳಿಯೋ ಸಾಧ್ಯತೆ ಚೆನ್ನಾಗಿದೆ. ನಿಲ್ಲಬಾರದು, ಅಷ್ಟೇ” ಅಂದಿದ್ದಾರೆ ಡಾಕ್ಟರು.

ಅದಕ್ಕಾಗಿ ಶುಕ್ರವಾರ ಬಲಗಡೆ ಕೊರಳೆಲುಬಿನ ಕೆಳಗೆ ಚರ್ಮದೊಳಗೆ ಪೋರ್ಟ್ ಎಂಬುದೊಂದನ್ನು ಕೂರಿಸಿದರು. ನೋಡಲು ಥೇಟ್ ಓವರ್‌ಕೋಟಿನ ಗುಂಡಿ. ಅದರಿಂದ ಹೊರಟ ಸಣ್ಣ ಕೊಳವೆ ದೊಡ್ಡ ರಕ್ತನಾಳ ಹಿಡಿದು ಹೃದಯದ ಬಾಗಿಲವರೆಗೆ ಹೋಗುತ್ತದಂತೆ. ಪ್ರತಿಸಲ ಕೈನರ ಹುಡುಕಿ ಚುಚ್ಚುವ ಬದಲು ಗುಂಡಿಗೇ ಸೂಜಿ. ಗುಂಡಿಯನ್ನು ಒಳಗಡೆಯಿಂದ ಹೊಲಿದು, ಹೊರಗೆ ನೂಲು ಕಾಣದಂತೆ ಮುಚ್ಚಿರುವುದನ್ನು ನೋಡಿ ದರ್ಜಿಯಾದ ನನಗೆ ಹೊಟ್ಟೆಕಿಚ್ಚಾಯಿತು. ಹೇಳಲಿಲ್ಲ. ನಿಷೇಧ.

ಮಾರ್ಚ್ ೧೧, ಬುಧವಾರ

ಇತಿಹಾಸದಲ್ಲಿ ದಾಖಲಾಗಬೇಕಾದ ದಿನ. ದಂಡನಾಯಕಿಯವರು ನನ್ನ ಅಂಗಡಿಗೆ ಬಂದರು.

ಹಿನ್ನೆಲೆ ಹೀಗಿದೆ. ನಮ್ಮ ಮದುವೆಯಾದಾಗಿನಿಂದ ಈ ಮಹಾತಾಯಿ ನಾನು ಹೊಲಿದ ಒಂದು ಕರವಸ್ತ್ರವನ್ನೂ ಮೂಗಿಗೆ ತಾಗಿಸಿದವರಲ್ಲ. ಅವರ ಅಂಗಿಗಳೆಲ್ಲ ಹೋಗುವುದು ಹಿಂದಿನ ಬೀದಿಯ ದರ್ಜಿಗೆ. ನನ್ನ ಅಂಗಡಿಯ ಮುಂದೆಯೇ, ಬಟ್ಟೆಯ ಚೀಲ ಆ ಕೈಯಿಂದ ಈ ಕೈಗೆ ಬದಲಾಯಿಸಿಕೊಂಡು, ನನಗೆ ಕಾಣಲಿ ಎಂಬಂತೆ ನಡೆದುಹೋಗುತ್ತಿದ್ದರು. ಕಾರಣ ಕೇಳಿದರೆ ಒಂದೇ ಉತ್ತರ: “ಅಳಿಯಂದಿರ ಅಳತೆ ಸರಿಯಿಲ್ಲ.”

ನಿನ್ನೆ ಮೊದಲ ಕೀಮೋ. ಸಾಲು ಕುರ್ಚಿಗಳ ಹಾಲಿನಲ್ಲಿ, ಗಂಡಸರೂ ಹೆಂಗಸರೂ ಒಟ್ಟಿಗೆ ಕೂತಿರುವಾಗ, ಸೂಜಿ ಹಾಕಲು ಎದೆಯವರೆಗೆ ಅಂಗಿ ಬಿಚ್ಚಬೇಕಾಯಿತು. ಶಾಲೆಯ ಮೈದಾನವನ್ನೇ ನಡುಗಿಸಿದ ಹೆಂಗಸು ಅಲ್ಲಿ ಕಣ್ಣು ಮುಚ್ಚಿ ಕೂತಿದ್ದರಂತೆ. ಹಿಂದಿನ ಬೀದಿಯವನಿಗೆ ಹೋಗಿ ಇದನ್ನು ವಿವರಿಸುವುದು ಹೇಗೆ? ಹಾಗಾಗಿ ಕೊನೆಗೆ ಈ ಪಾಮರ.

“ತೆಗೀರಿ ಟೇಪು” ಅಂದರು. ನಿಂತ ನಿಲುವು ಮಾತ್ರ ಬಹುಮಾನ ವಿತರಣೆಗೆ ಬಂದವರದು.

“ಕೈ ಸ್ವಲ್ಪ ಎತ್ತಿ ಅತ್ತೆ.”

“ಎತ್ತಿ ಅನ್ನಬಾರದು. ‘ಕೈ ಪಕ್ಕಕ್ಕೆ’ ಅನ್ನಬೇಕು. ಹೇಳಿ.”

“ಕೈ ಪಕ್ಕಕ್ಕೆ.”

“ಜೋರಾಗಿ!”

ಕೂಗಿದೆ. ಬೀದಿಯಲ್ಲಿ ಹೋಗುತ್ತಿದ್ದ ಇಬ್ಬರು ಕೈ ಎತ್ತಿ ನಿಂತರೆಂದು ಬರೆದರೆ ಸುಳ್ಳಾದೀತು. ಒಬ್ಬ ಮಾತ್ರ ತಿರುಗಿ ನೋಡಿದ.

ಮಾರ್ಚ್ ೧೪, ಶನಿವಾರ

ಅಂಗಿ ಸಿದ್ಧ. ತಿಳಿಗಂದು ಬಣ್ಣ, ಉದ್ದ ತೋಳು. ಕೀಮೋ ಹಾಲಿನಲ್ಲಿ ಚಳಿ ಕೊರೆಯುತ್ತದಂತೆ. ಬಲಗಡೆ ಕೊರಳೆಲುಬಿನ ಕೆಳಗೆ ಅಂಗೈಯಗಲದ ಒಂದು ಕಿಟಕಿ, ಅದಕ್ಕೆ ಮುಚ್ಚುವ ಪಟ್ಟಿ, ಮೂರು ಟಿಚ್ ಬಟನ್. ಪಟಪಟನೆ ತೆಗೆ, ಸೂಜಿ ಹಾಕು, ಮುಚ್ಚು. ಅಂಗಿ ಬಿಚ್ಚುವ ಪ್ರಮೇಯವೇ ಇಲ್ಲ.

ತೋಳುಗಳ ಬಗ್ಗೆ ಎರಡು ಮಾತು. ಅಳತೆ ಸರಿಯಿಲ್ಲ ಎನ್ನುವವರು ತಿಳಿಯಬೇಕಾದದ್ದೇನೆಂದರೆ, ದರ್ಜಿಯಾದವನು ಬಟ್ಟೆಯನ್ನು ಎರಡು ಮಡಿಕೆ ಮಾಡಿ ಎರಡು ತೋಳನ್ನೂ ಒಂದೇ ಕತ್ತರಿಗೆ ಕತ್ತರಿಸುತ್ತಾನೆ. ಬ್ರಹ್ಮನೇ ಬಂದರೂ ಒಂದು ದೊಡ್ಡದು, ಒಂದು ಚಿಕ್ಕದು ಆಗಲಾರದು.

ದಂಡನಾಯಕಿಯವರು ಹಾಕಿಕೊಂಡು ಕನ್ನಡಿ ನೋಡಿದರು. ಬಲಕ್ಕೆ ತಿರುಗಿ, ಎಡಕ್ಕೆ ತಿರುಗಿ.

“ಪರವಾಗಿಲ್ಲ.”

ಹೆಂಡತಿ ಅಡುಗೆಮನೆಗೆ ಓಡಿಹೋಗಿ ಸೆರಗಿಲ್ಲದ್ದಕ್ಕೆ ಟವೆಲ್ಲು ಬಾಯಿಗೆ ತುರುಕಿಕೊಂಡು ನಕ್ಕಳು. ಈ ಮನೆಯಲ್ಲಿ ನಗು ಕೇಳಿ ಬಹಳ ದಿನವಾಗಿತ್ತು.

ಮಾರ್ಚ್ ೨೪, ಮಂಗಳವಾರ

ಎರಡನೇ ಕೀಮೋ. ನನ್ನ ಕಿಟಕಿಗೆ ಆಸ್ಪತ್ರೆಯಲ್ಲಿ ಭಾರಿ ಮರ್ಯಾದೆ. ದೊಡ್ಡ ಸಿಸ್ಟರು ಮೂರು ಸಲ ತೆಗೆದು ಮುಚ್ಚಿ ಸದ್ದು ಕೇಳಿ ಖುಷಿಪಟ್ಟರಂತೆ. “ಯಾರು ಹೊಲಿದಿದ್ದು?” ಅಂದದ್ದಕ್ಕೆ ಅತ್ತೆಯವರ ಉತ್ತರ: “ಮನೆ ಹತ್ರ ಒಬ್ಬರಿದ್ದಾರೆ.” ಮನೆ ಹತ್ತಿರ! ಮನೆ ಒಳಗೇ ಇದ್ದೇನೆ ತಾಯಿ, ನಿಮ್ಮ ಕೋಣೆಯ ಬಾಡಿಗೆ ಇಲ್ಲದ ಮಾಲೀಕ.

ಮೊದಲ ಸಲ ಪಕ್ಕದ ಕುರ್ಚಿಯಲ್ಲಿ ಒಬ್ಬ ಲಾರಿ ಡ್ರೈವರು ಕೂತಿದ್ದನಂತೆ, ಇವರದೇ ಕಾಯಿಲೆ, ಇವರದೇ ಮದ್ದು. ಇವರನ್ನು “ಟೀಚರಮ್ಮ” ಅಂತ ಕರೆದಿದ್ದನಂತೆ. ಇವತ್ತು ಅವನ ಕುರ್ಚಿ ಖಾಲಿ. ಪೋರ್ಟಿನ ಸುತ್ತ ಕೆಂಪಾಗಿದೆ ಅಂತ ಅವನೇ ಬಾಯಿಬಿಟ್ಟು ಹೇಳಿದ್ದಕ್ಕೆ ಕೀಮೋ ನಿಲ್ಲಿಸಿ ಮನೆಗೆ ಕಳಿಸಿದ್ದಾರಂತೆ.

ಮಾರ್ಚ್ ೨೯, ಭಾನುವಾರ

ಆಪಾದನೆ ಬಂದೇ ಬಂತು. ಊಟಕ್ಕೆ ಕೂತಾಗ ತಟ್ಟೆ ಪಕ್ಕಕ್ಕಿಟ್ಟು:

“ಅಳಿಯಂದಿರೇ, ಬಲತೋಳು ಸ್ವಲ್ಪ ಬಿಗಿ.”

“ಒಗೆದಾಗ ಬಟ್ಟೆ ಕುಗ್ಗಿರಬೇಕು ಅತ್ತೆ.”

“ಒಂದೇ ತೋಳು ಕುಗ್ಗತ್ತಾ? ನಾನು ಹೇಳಿರಲಿಲ್ವಾ, ಅಳತೆ ಸರಿಯಿಲ್ಲ ಅಂತ.”

ಮೈಯೆಲ್ಲ ಉರಿಯಿತು. ಹೆಂಡತಿ ಮೇಜಿನಡಿ ಕಾಲು ಒತ್ತಿದಳು. ಅಂಗಿ ಎತ್ತಿಕೊಂಡು ಅಂಗಡಿಗೆ ಹೋದವನೇ ಬಲತೋಳಿನ ಹೊಲಿಗೆ ಬಿಚ್ಚಿ ಒಳಗೆ ಬಿಟ್ಟಿದ್ದ ಬಟ್ಟೆಯಲ್ಲಿ ಅರ್ಧ ಇಂಚು ಸಡಿಲ ಮಾಡಿದೆ. ಎಡತೋಳು ಮುಟ್ಟಲಿಲ್ಲ. ಅವರು ಕೇಳಿದ್ದು ಬಲತೋಳು, ಸಿಕ್ಕಿದ್ದೂ ಬಲತೋಳೇ.

ಏಪ್ರಿಲ್ ೧, ಬುಧವಾರ

ರಕ್ತಪರೀಕ್ಷೆಗೆ ಈ ಸಲ ನಾನೇ ಜೊತೆಗೆ ಹೋದೆ. ಕಿಟಕಿ ತೆರೆದು ಸೂಜಿ ಹಾಕಿದರೆ ನೀರು ಒಳಗೆ ಹೋಗುತ್ತದೆ, ರಕ್ತ ಹೊರಗೆ ಬರುವುದಿಲ್ಲ. ಚಿಕ್ಕ ಸಿಸ್ಟರು ಬೆವೆತಳು. “ಅಮ್ಮಾ, ಕೈ ಒಂಚೂರು ಮೇಲೆತ್ತಿ, ಕೆಮ್ಮಿ.” ಎತ್ತಿದರು, ಕೆಮ್ಮಿದರು. ಬಂತು!

ಅಷ್ಟು ಸಾಕಲ್ಲ ದಂಡನಾಯಕಿಗೆ. “ಏನ್ರೀ, ಎಲ್ಲರೂ ಕಂಬಳಿ ಹೊದ್ದು ಮುದುಡಿ ಕೂತಿದ್ದೀರಿ. ಕೈ ಮೇಲೆ!” ಅಂದರು ನೋಡಿ. ಸಾಲಾಗಿ ಕೂತ ಬೋಳುತಲೆಗಳೆಲ್ಲ ಸೂಜಿಯಿಲ್ಲದ ಕೈ ಎತ್ತಿದವು. “ಕೆಳಗೆ! ಮೇಲೆ!” ಹಾಲಿಗೆ ಹಾಲೇ ನಕ್ಕಿತು. ಒಬ್ಬ ಮುದುಕ ಮಾತ್ರ ಎರಡು ಕೈಯೂ ಎತ್ತಿ ಬೈಸಿಕೊಂಡ.

ಡ್ರೈವರನ ಕುರ್ಚಿಯಲ್ಲಿ ಬೇರೆ ಯಾರೋ ಇದ್ದರು. ಅತ್ತೆ ಕೇಳಿದರು. ಸಿಸ್ಟರು “ಅವರು ಇನ್ನು ಬರಲ್ಲಮ್ಮ” ಅಂದಳು. ದಂಡನಾಯಕಿ ಕಿಟಕಿಯ ಮೂರೂ ಬಟನ್ ತಾವೇ ಒತ್ತಿ ಮುಚ್ಚಿದರು.

ಏಪ್ರಿಲ್ ೫, ಭಾನುವಾರ

ಮತ್ತೆ ಬಲತೋಳು. ಮತ್ತೆ ಬಿಗಿ. ಒಳಗೆ ಬಿಟ್ಟ ಬಟ್ಟೆ ಮುಗಿದಿದೆ. ಬಗಲಿನಿಂದ ಮೊಣಕೈವರೆಗೆ ಹೊಲಿಗೆ ಸೀಳಿ ನಡುವೆ ಬೇರೆ ಪಟ್ಟಿ ಕೊಟ್ಟೆ. ಬಣ್ಣ ಹೊಂದಲಿಲ್ಲ. ನನ್ನ ಜೀವಮಾನದಲ್ಲಿ ಇಂಥ ಅವಮಾನ ಆಗಿಲ್ಲ.

“ಮೈ ತುಂಬ್ತಾ ಇದೆ ಅಂತ ಕಾಣ್ಸತ್ತೆ ಅಮ್ಮನಿಗೆ” ಅಂದಳು ಹೆಂಡತಿ, ಆಸೆಯಿಂದ. ಸೊಂಟದ ಕಡೆ ಸಡಿಲವಾಯಿತೆಂದು ನಾನೇ ಎರಡು ಸಲ ಒಳಗೆ ಹಿಡಿದಿದ್ದೇನೆ, ಅವಳಿಗೆ ಹೇಳಿಲ್ಲ.

ಟ್ರಯಲ್ ನೋಡುವಾಗ ಕಿಟಕಿಯ ಪಟ್ಟಿ ತೆರೆದಿತ್ತು. ಎದೆಯ ಮೇಲೆ ಸಣ್ಣ ಸಣ್ಣ ನರಗಳು, ನೀಲಿ ನೂಲಿನಲ್ಲಿ ಕಚ್ಚಾ ಹೊಲಿಗೆ ಹಾಕಿದಂತೆ. ಮೊದಲು ಇರಲಿಲ್ಲ. ವಯಸ್ಸಾದವರ ಚರ್ಮ ತೆಳು. ಅತ್ತೆ ಪಟ್ಟನೆ ಪಟ್ಟಿ ಮುಚ್ಚಿದರು.

“ನೋಡಿ ಹೊಲೀರಿ ಅಂದ್ರೆ ಎಲ್ಲೆಲ್ಲೋ ನೋಡ್ತಾರೆ.”

ಏಪ್ರಿಲ್ ೭, ಮಂಗಳವಾರ

ಮೂರನೇ ಕೀಮೋ ಆಗಲಿಲ್ಲ.

ಜೊತೆಗೆ ನಾನೇ ಹೋಗಿದ್ದೆ. ಕುರ್ಚಿಯಲ್ಲಿ ಕೂರುವಾಗ ದೊಡ್ಡ ಸಿಸ್ಟರಿನ ಕಣ್ಣು ಹೊಂದದ ಬಣ್ಣದ ಪಟ್ಟಿಯ ಮೇಲೆ ಬಿತ್ತು. “ಇದೇನಮ್ಮ, ಇಷ್ಟು ಚೆಂದದ ಅಂಗಿಗೆ ತೇಪೆ?”

“ನಮ್ಮ ಅಳಿಯಂದಿರ ಅಳತೆ” ಅಂದರು ಅತ್ತೆ.

ಸಿಸ್ಟರು ನಗಲಿಲ್ಲ. ತೋಳು ಮೇಲೆ ಸರಿಸಲು ನೋಡಿದರು, ಆಗಲಿಲ್ಲ. ಪರದೆ ಎಳೆದು ಅಂಗಿ ಬಿಚ್ಚಿಸಿ, ಶಾಲು ಹೊದಿಸಿ ನನ್ನನ್ನು ಒಳಗೆ ಕರೆದರು. ಜೇಬಿನಿಂದ ಕಾಗದದ ಟೇಪು ತೆಗೆದು ಎರಡೂ ಕೈ ಅಳೆದರು. ನನಗೆ ಟೇಪು ಬೇಕಾಗಿರಲಿಲ್ಲ. ಬಲಗೈ ಬೇರೆ ಯಾರದೋ ಕೈಯಂತೆ ಜೋತುಬಿದ್ದಿತ್ತು. ನುಣ್ಣಗೆ, ಹೊಳೆಯುತ್ತ.

“ಎಷ್ಟು ದಿನ ಆಯ್ತು?”

ಅತ್ತೆ ಶಾಲು ಎಳೆದು ಬಲಗೈ ಮುಚ್ಚಿಕೊಂಡರು. ನಾನೇ ಹೇಳಬೇಕಾಯಿತು, ಮೊದಲ ಸಲ ಬಿಚ್ಚಿದ್ದು ಯಾವಾಗ, ಎರಡನೇ ಸಲ ಬಿಚ್ಚಿದ್ದು ಯಾವಾಗ.

“ಬಿಪಿ ಎಡಗೈಗೆ ನೋಡ್ತೀವಿ. ಸೂಜಿ ಈ ಕಿಟಕಿಯಲ್ಲಿ ಹಾಕ್ತೀವಿ. ಬಲಗೈ ನಮ್ಮ ಕಣ್ಣಿಗೆ ಬೀಳೋದೇ ಇಲ್ಲ” ಅಂದರು ಸಿಸ್ಟರು. ಯಾರನ್ನೂ ಬೈಯುವ ದನಿಯಲ್ಲಿ ಅಲ್ಲ. ಬೈದಿದ್ದರೆ ಆಗುತ್ತಿತ್ತು.

ಸ್ಕ್ಯಾನಿನಲ್ಲಿ ಕಂಡದ್ದು: ಪೋರ್ಟಿನ ಕೊಳವೆಯ ಸುತ್ತ ನಾಳದೊಳಗೆ ರಕ್ತ ಹೆಪ್ಪುಗಟ್ಟಿದೆ. ಬಗಲಿನಿಂದ ಕೊರಳವರೆಗೆ. ಕೈ ಎತ್ತಿದರೆ ಮಾತ್ರ ರಕ್ತ ಬರುತ್ತಿದ್ದದ್ದೂ ಅದರಿಂದಲೇ. ಅಲ್ಲೇ ದಾಖಲು ಮಾಡಿಕೊಂಡರು.

ಏಪ್ರಿಲ್ ೯, ಗುರುವಾರ

ರಕ್ತ ತೆಳುವಾಗಲು ಹೊಟ್ಟೆಗೆ ಇಂಜೆಕ್ಷನ್. ಹೆಪ್ಪು ಕರಗಲು ಬಹಳ ದಿನ ಬೇಕು. ಒಂದು ಚೂರು ಕಿತ್ತುಕೊಂಡು ಶ್ವಾಸಕೋಶಕ್ಕೆ ಹೋದರೆ ಅಪಾಯ, ಎದ್ದು ಓಡಾಡುವಾಗ ಹುಷಾರು ಅಂದಿದ್ದಾರೆ. ಪೋರ್ಟ್ ಉಳಿಸಿಕೊಂಡು ಮುಂದಿನ ವಾರ ಕೀಮೋ ನೋಡೋಣ ಎಂಬ ಮಾತೂ ಇದೆ.

ಹೆಂಡತಿ ಆಸ್ಪತ್ರೆಯ ಕಾರಿಡಾರಿನಲ್ಲಿ ಕೇಳಿದಳು: “ನೀವು ದರ್ಜಿ ತಾನೇ? ಒಂದು ಕೈ ದಪ್ಪ ಆಗಿದೆ ಅಂತ ಗೊತ್ತಾಗಲಿಲ್ವಾ?”

ಇದಕ್ಕೆ ನನ್ನ ಹತ್ತಿರ ತಮಾಷೆ ಇರಲಿಲ್ಲ.

ಏಪ್ರಿಲ್ ೧೪, ಮಂಗಳವಾರ

ಪೋರ್ಟಿಗೆ ನೀರು ಬಿಟ್ಟು ತೊಳೆದ ಸ್ವಲ್ಪ ಹೊತ್ತಿಗೇ ಚಳಿ, ನಡುಕ. ಮಂಚವೇ ಅಲುಗುತ್ತಿತ್ತು. ಜ್ವರ. ನಿನ್ನೆಯೂ ಹೀಗೇ. ಹೆಪ್ಪಿನೊಳಗೆ ಸೋಂಕು ಸೇರಿಕೊಂಡಿದೆ, ತೊಳೆದಾಗಲೆಲ್ಲ ರಕ್ತಕ್ಕೆ ಬರುತ್ತಿದೆ.

ಗುಂಡಿ ಬಿಚ್ಚಲೇಬೇಕು.

ಏಪ್ರಿಲ್ ೧೭, ಶುಕ್ರವಾರ

ತೆಗೆದರು.

ಮೇ ೬, ಬುಧವಾರ

ಇಷ್ಟು ದಿನ ಬರೆಯಲು ಏನೂ ಇರಲಿಲ್ಲ. ಇದ್ದದ್ದು ಬರೆಯುವಂಥದ್ದಾಗಿರಲಿಲ್ಲ. ಅಂಗಡಿ ಬೆಳಿಗ್ಗೆ ಮಾತ್ರ ತೆರೆಯುತ್ತೇನೆ. ಮದುವೆ ಬಟ್ಟೆಗಳು ಬಂದಿದ್ದವು, ಹಿಂದಿನ ಬೀದಿಯವನಿಗೆ ಕಳಿಸಿದೆ. ಅವನು ಎಲ್ಲ ಹೊಲಿದು ನನ್ನ ಹೆಸರಿನ ಚೀಟಿ ಹಾಕಿಯೇ ಕೊಟ್ಟಿದ್ದಾನೆ. ಯಾಕೋ ಗೊತ್ತಿಲ್ಲ.

ಅತ್ತೆ ಮನೆಗೆ ಬಂದಿದ್ದಾರೆ. ಜ್ವರ ಬಿಟ್ಟಿದೆ, ಕೈ ಇಳಿದಿಲ್ಲ. ದಿಂಬಿನ ಮೇಲೆ ಎತ್ತಿ ಇಡಬೇಕು. ಬರಿಯ ದಿಂಬು ಜಾರುತ್ತದೆಂದು ತೋಳು ಕೂರುವ ಹಾಗೆ ನಡುವೆ ಹಳ್ಳ ಬಿಟ್ಟು ಒಂದು ಹೊಲಿದುಕೊಟ್ಟೆ. ಕೈ ಇಟ್ಟು ನೋಡಿದರು. ಬಿಗಿ ಅಂತ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ಮೇ ೧೨, ಮಂಗಳವಾರ

ಹೊಸ ಪೋರ್ಟ್ ಈಗಲೇ ಹಾಕುವಂತಿಲ್ಲ ಎಂದು ಎಡಗೈ ನರಕ್ಕೆ ಕೀಮೋ ಕೊಡಲು ನೋಡಿದರು. ನಾಲ್ಕು ಕಡೆ ಚುಚ್ಚಿದ ಮೇಲೆ ಒಂದು ಸಿಕ್ಕಿತು. ಅರ್ಧ ಹೋಗುವಷ್ಟರಲ್ಲಿ ಅದೂ ಒಡೆಯಿತು. ಮದ್ದು ಮಾಂಸಕ್ಕೆ ಇಳಿದು ಮುಂಗೈ ಕೆಂಪಾಗಿ ಊದಿಕೊಂಡಿತು. ನಿಲ್ಲಿಸಿದರು.

ಅತ್ತೆ ಎರಡು ಕೈಯನ್ನೂ ಮಡಿಲಲ್ಲಿಟ್ಟು ನೋಡುತ್ತಿದ್ದರು.

“ಈಗ ಜೋಡಿ ಆಯ್ತು” ಅಂದರು.

ನಗಬೇಕಿತ್ತು. ನಾನು ಆಚೆ ತಿರುಗಿದೆ.

ಮೇ ೨೬, ಮಂಗಳವಾರ

ಸ್ಕ್ಯಾನ್ ಬಂತು. ಲಿವರಿನಲ್ಲಿ ಅಲ್ಲಲ್ಲಿ ಗಡ್ಡೆ. ಡಾಕ್ಟರು ಒಳ್ಳೆಯ ಮನುಷ್ಯ, ಸುತ್ತಿ ಬಳಸಿ ಹೇಳಲಿಲ್ಲ. ಇನ್ನು ಕೀಮೋ ತಡೆಯುವ ಶಕ್ತಿ ಮೈಯಲ್ಲಿಲ್ಲ, ನೋವಿಲ್ಲದ ಹಾಗೆ ನೋಡಿಕೊಳ್ಳೋಣ.

“ಸರಿಯಾಗಿ ನಡೆದಿದ್ರೆ ಉಳೀತಿದ್ರಾ?” ಕೇಳಿದಳು ಹೆಂಡತಿ.

“ಹಾಗೆ ಹೇಳಕ್ಕೆ ಬರಲ್ಲಮ್ಮ” ಅಂದರು. ಮೇಜಿನ ಮೇಲಿದ್ದ ಪೆನ್ನನ್ನು ನೆಟ್ಟಗೆ ಮಾಡಿದರು, ಮತ್ತೆ ಓರೆ ಮಾಡಿದರು.

ಮೇ ೩೧, ಭಾನುವಾರ

ಹೆಂಡತಿ ಔಷಧಿ ಅಂಗಡಿಗೆ ಹೋಗಿದ್ದಳು. ನಾನು ಅತ್ತೆಯ ಕೈಯನ್ನು ಬೆರಳಿನಿಂದ ಭುಜದ ಕಡೆಗೆ ಮೆಲ್ಲಗೆ ನೀವುತ್ತ ಕೂತಿದ್ದೆ. ನೀರು ಇಳಿಯಲು ಸಿಸ್ಟರು ಕಲಿಸಿದ್ದು. ದಿನಾ ಮಾಡುತ್ತೇನೆ.

“ಅಳಿಯಂದಿರೇ.”

“ಹೇಳಿ ಅತ್ತೆ.”

“ಎಡತೋಳು ಯಾವತ್ತೂ ಬಿಗಿ ಆಗಿರಲಿಲ್ಲ.”

“ಹೌದು.”

“ಸಾವಿರ ಮಕ್ಕಳ ಕೈ ನೋಡಿದೀನಿ. ಯಾವುದು ಒಂದು ಬೆರಳು ತಗ್ಗು, ಯಾವುದು ಮೇಲೆ ಅಂತ ದೂರದಿಂದ ಹೇಳ್ತಿದ್ದೆ. ನನ್ನ ಕೈ ನನಗೆ ಗೊತ್ತಾಗಲ್ವಾ?”

ನೀವುವುದು ನಿಂತಿತ್ತು. ಮತ್ತೆ ಶುರುಮಾಡಿದೆ.

“ಮತ್ತೆ ಯಾಕೆ ಹೇಳಲಿಲ್ಲ?”

“ಡ್ರೈವರ್ ಹೇಳಿದ್ನಲ್ಲ. ಏನಾಯ್ತು? ನಿಲ್ಸಿದ್ರು.” ಉಸಿರು ತೆಗೆದುಕೊಂಡರು. “ಮೂರು ಕೀಮೋ, ನಾಲ್ಕು ಕೀಮೋ ಹೇಗೋ ದಾಟಿಬಿಟ್ರೆ ಆಮೇಲೆ ಹೇಳೋಣ ಅಂತಿದ್ದೆ. ಮಗಳು ಕೇಳಿದ್ರೆ ಏನಾದ್ರೂ ಹೇಳಬೇಕಲ್ಲ. ನಿಮ್ಮ ಹೊಲಿಗೆ ಅಂದ್ರೆ ಎಲ್ಲರೂ ನಂಬ್ತಾರೆ.” ಸ್ವಲ್ಪ ನಕ್ಕರು. “ನೀವೂ ನಂಬಿದ್ರಿ.”

“ಹೂಂ” ಅಂದೆ.

ಮಡಿಸಿದ ಬಟ್ಟೆ, ಒಂದೇ ಕತ್ತರಿ, ಎರಡು ತೋಳು. ಅದನ್ನು ಇದೇ ಪುಸ್ತಕದಲ್ಲಿ ಬರೆದು ಮೆರೆದವನು ನಾನು.

ಮಗಳಿಗೆ ಹೇಳಬೇಡಿ ಅಂದರು. ಹೇಳುವುದಿಲ್ಲ. ಅವಳ ಕಣ್ಣಿಗೆ ತಪ್ಪು ಹೊಲಿಗೆಯದೇ ಆಗಿರಲಿ.

ಜೂನ್ ೧೬, ಮಂಗಳವಾರ

“ಒಂದು ಅಂಗಿ ಹೊಲೀರಿ. ಕಿಟಕಿ ಬೇಡ, ಟಿಚ್ ಬಟನ್ ಬೇಡ. ನೆಟ್ಟಗೆ ಒಂದು ಅಂಗಿ” ಅಂದರು ಅತ್ತೆ.

“ಹಿಂದಿನ ಬೀದಿಯವನಿಗೆ ಕೊಡ್ಲಾ?”

“ಕೊಬ್ಬು” ಅಂದರು. ಕಣ್ಣು ಮುಚ್ಚಿಕೊಂಡೇ.

ಮಲಗಿದಲ್ಲೇ ಅಳತೆ ತೆಗೆದೆ. ಅಂಗಡಿಯಲ್ಲಿ ಬಟ್ಟೆ ಮಡಿಸಿ ಕತ್ತರಿ ಎತ್ತಿಕೊಂಡೆ, ಇಟ್ಟೆ. ಮಡಿಕೆ ಬಿಡಿಸಿ ಬಟ್ಟೆಯನ್ನು ಮೇಜಿನ ಮೇಲೆ ಪೂರ್ತಿ ಹರಡಿದೆ. ಬಲತೋಳು ಬೇರೆ, ಎಡತೋಳು ಬೇರೆ ಗೆರೆ ಎಳೆದು ಒಂದೊಂದಾಗಿ ಕತ್ತರಿಸಿದೆ. ಬಟ್ಟೆ ಬಹಳ ಹಾಳಾಗುತ್ತದೆ. ಆಗಲಿ. ಅಗಲ ಕಣ್ಣಿಗೆ ಹೊಡೆಯಬಾರದೆಂದು ಬಲಗಡೆಯ ಹೆಚ್ಚಿನ ಬಟ್ಟೆಯನ್ನೆಲ್ಲ ಬಗಲಿನ ಹಿಂದಕ್ಕೆ ಸಣ್ಣ ನೆರಿಗೆಯಾಗಿ ಅಡಗಿಸಿದೆ. ಮೂರು ದಿನ ಹಿಡಿಯುತ್ತದೆ. ಬೇರೆ ಕೆಲಸ ಮುಟ್ಟುವುದಿಲ್ಲ.

ಜೂನ್ ೧೯, ಶುಕ್ರವಾರ

ಟ್ರಯಲ್. ಹೆಂಡತಿ ಬೆನ್ನಿಗೆ ಕೈಕೊಟ್ಟು ಕೂರಿಸಿದಳು, ನಾನು ತೋಳು ತೊಡಿಸಿದೆ. ಬಲಗೈ ಎಲ್ಲೂ ತಡೆಯದೆ ಇಳಿಯಿತು.

ಕನ್ನಡಿ ಹಿಡಿದೆ. ಬಹಳ ಹೊತ್ತು ನೋಡಿಕೊಂಡರು. “ಕೈ ಮೇಲೆ” ಅಂದರು ತಮಗೆ ತಾವೇ, ಕೇಳಿಸಿತೋ ಇಲ್ಲವೋ ಅನ್ನುವ ದನಿಯಲ್ಲಿ. ಕೈ ಭುಜದವರೆಗೂ ಬರಲಿಲ್ಲ. ಅಂಗಿಯ ತೋಳು ಮಾತ್ರ ಕೈಯ ಜೊತೆಗೇ ಎದ್ದು ಕೈಯ ಜೊತೆಗೇ ಇಳಿಯಿತು.

ನಾನು ಕಾಯುತ್ತಿದ್ದೆ.

“ಮೇಲಿಂದ ಎರಡನೇ ಗುಂಡಿ ಸಡಿಲ” ಅಂದರು.

ಸೂಜಿದಾರ ತಂದು ಪಕ್ಕದಲ್ಲೇ ಕೂತೆ.

ಜೂನ್ ೨೭, ಶನಿವಾರ

ಬೆಳಿಗ್ಗೆ ಹೋದರು. ಹೆಂಡತಿಯ ಕೈ ಅವರ ಕೈಯ ಕೆಳಗಿತ್ತು, ಆ ದಿಂಬಿನ ಹಳ್ಳದಲ್ಲಿ.

ಆ ಅಂಗಿಯನ್ನೇ ಹಾಕಿದೆವು.

ಜೂನ್ ೨೮, ಭಾನುವಾರ

ನಿನ್ನೆ ಬಂದವರಲ್ಲಿ ಹಿಂದಿನ ಬೀದಿಯ ದರ್ಜಿಯೂ ಇದ್ದ. ಎಲ್ಲರೂ ಮುಖ ನೋಡಿ ಕೈಮುಗಿದು ಸರಿಯುತ್ತಿದ್ದರು. ಅವನು ಮಾತ್ರ ಅಂಗಿ ನೋಡುತ್ತ ನಿಂತುಬಿಟ್ಟ. ಬಗ್ಗಿ, ಬಲಗಡೆ ಬಗಲಿನ ನೆರಿಗೆಯನ್ನು ಒಂದು ಬೆರಳಲ್ಲಿ ಮುಟ್ಟಿದ.

ಹೊರಗೆ ಬಂದಾಗ ನನ್ನ ಪಕ್ಕ ನಿಂತ.

“ತೋಳು ಜೋಡಿ ಕತ್ತರಿಸಿಲ್ಲ ನೀನು.”

“ಇಲ್ಲ.”

“ಬೇರೆ ಯಾರಿಗೂ ಗೊತ್ತಾಗಲ್ಲ.” ಚಪ್ಪಲಿ ಮೆಟ್ಟಿಕೊಂಡ. ಆಮೇಲೆ ಹೇಳಿದ: “ಇಷ್ಟು ವರ್ಷ ಹೊಲಿದುಕೊಟ್ಟೆ. ಚೆನ್ನಾಗಿದೆ ಅಂತ ಒಂದು ದಿನ ಅನ್ನಲಿಲ್ಲಪ್ಪ. ಕತ್ತು ಅಗಲ, ಅಂಚು ಓರೆ, ಏನಾದ್ರೊಂದು. ನಿನಗಾದ್ರೂ ಅಂದ್ರಾ?”

“ಗುಂಡಿ ಸಡಿಲ ಅಂದ್ರು.”

“ಸಡಿಲ ಇತ್ತಾ?”

“ಇರಲಿಲ್ಲ” ಅಂದೆ. “ಬಿಚ್ಚಿ ಮತ್ತೆ ಹೊಲಿದೆ.”